ನಾರುಹುಣ್ಣು ಹೋಯಿತು, ನಾರಿನ ಕೆಲಸ ಮುಗಿಯಲಿಲ್ಲ

ಗದಗ ಹತ್ತಿಯ ಪೇಟೆ, ಬೆಟಗೇರಿ ನೇಕಾರರ ಊರು. ಈ ಸೀಮೆಯವರಿಗೆ ಬಟ್ಟೆಯ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕೊಡದ ಬಾಯಿಗೆ ಕಟ್ಟಿದ ಬಟ್ಟೆಯೊಂದು ದೇಶದಿಂದ ಒಂದು ರೋಗವನ್ನೇ ಓಡಿಸಲು ನೆರವಾಯಿತೆಂಬುದು ಮರೆತುಹೋಗುತ್ತಿದೆ.

ಆ ರೋಗ ನಾರುಹುಣ್ಣು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುವಾಗ ರೋಗಿಯ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರು ಸೇರುತ್ತಿದ್ದವು. ಸೈಕ್ಲಾಪ್ಸ್ ಎಂಬ ಪುಟ್ಟ ಜಲಜೀವಿ ಅವನ್ನು ನುಂಗುತ್ತಿತ್ತು. ಆ ನೀರು ಕುಡಿದವರ ಮೈಯಿಂದ ಸುಮಾರು ವರ್ಷದ ಬಳಿಕ ಎರಡು ಮೊಳದಷ್ಟು ಉದ್ದದ, ನಾರಿನಂಥ ಹುಳು ಹೊರಬರುತ್ತಿತ್ತು. ಇದಕ್ಕೆ ಲಸಿಕೆಯಿರಲಿಲ್ಲ. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ನೀರು ಸೋಸುವುದನ್ನು ಕಲಿಸಿತು, ಮೆಟ್ಟಿಲು ಬಾವಿಗಳ ಬದಲಿಗೆ ಕೈಪಂಪುಗಳನ್ನು ತಂದಿತು. 1996ರಲ್ಲಿ ಕೊನೆಯ ರೋಗಿ ಕಂಡ. 2000ದಲ್ಲಿ ಭಾರತ ಮುಕ್ತವೆಂದು ಘೋಷಣೆಯಾಯಿತು.

ಆದರೆ ಹುಳುವಿಲ್ಲದ ಕೊಳವೆಬಾವಿಯ ನೀರು ಹಲವೆಡೆ ಬೇರೊಂದು ಕೇಡನ್ನು ತಂದಿತು. ನೆಲದಾಳದ ಕಲ್ಲಿನಿಂದ ಕರಗಿದ ಫ್ಲೋರೈಡ್ ಮುಂಡರಗಿ ಭಾಗದ ಅಂತರ್ಜಲದ ಹಳೆಯ ಸಮಸ್ಯೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳಬಹುದು; ಅದಕ್ಕಿಂತ ಬಹಳ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿಯುತ್ತವೆ. ಇದು ಕಣ್ಣಿಗೆ ಕಾಣದು, ಬಟ್ಟೆಗೆ ಸಿಗದು. ಕುದಿಸಿದರೆ ನೀರು ಆರಿ ಅದರ ಸಾಂದ್ರತೆ ಹೆಚ್ಚುತ್ತದೆ.

ಹೀಗಾಗಿ ವಿಜ್ಞಾನಿಗಳು ಮತ್ತೆ ನಾರಿನತ್ತ ತಿರುಗಿದ್ದಾರೆ. ಹತ್ತಿಯ ಸೆಲ್ಯುಲೋಸನ್ನು 1838ರಲ್ಲಿ ಫ್ರಾನ್ಸಿನ ಪಾಯೆನ್ ಗುರುತಿಸಿದ. ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಅದರ ಬಂಧು. ಅದನ್ನು ಕ್ಷಾರದಲ್ಲಿ ಬೇಯಿಸಿದರೆ ಕೈಟೋಸಾನ್. ಇವುಗಳಿಂದ ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಎಳೆ ತೆಗೆದು ಹಾಳೆ ಮಾಡಬಹುದು. ಅದರ ರಂಧ್ರಗಳು ರೋಗಾಣುಗಳನ್ನು ತಡೆಯಬಲ್ಲವು.

ಫ್ಲೋರೈಡ್ ಮಾತ್ರ ಆ ರಂಧ್ರಗಳಲ್ಲೂ ನುಸುಳುತ್ತದೆ. ಅದನ್ನು ತಡೆಯಲಾಗದು, ಅಂಟಿಸಿಕೊಳ್ಳಬೇಕು. ಅದಕ್ಕೆಂದೇ ಕೈಟೋಸಾನಿಗೆ ಅಲ್ಯೂಮಿನಿಯಂನಂಥ ಲೋಹವನ್ನು ಸೇರಿಸುವ ಪ್ರಯೋಗಗಳು ನಡೆದಿವೆ. ಆದರೆ ಎಳೆ ತುಂಬಿದ ಮೇಲೆ ತೊಳೆಯಬೇಕು. ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು?

ಹುಳುವನ್ನು ಗೆದ್ದದ್ದು ಬಟ್ಟೆಯೊಂದೇ ಅಲ್ಲ, ದಿನವೂ ಅದನ್ನು ಕೊಡಕ್ಕೆ ಕಟ್ಟಿದ ಕೈಗಳು. ಹೊಸ ನಾರು ಪ್ರಯೋಗಾಲಯದಲ್ಲಿ ಗೆದ್ದರೆ ಸಾಲದು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಅಡುಗೆಮನೆಗಳಲ್ಲಿ ಅಷ್ಟೇ ಸಲೀಸಾಗಿ ಬಳಕೆಗೆ ಬರಬೇಕು.