ಮ್ವಾಲಿಮು ಕಟ್ಟಿದ ನಾಡು

ಸರಕಾರದ ಅಧಿಕಾರಿಗಳು ನಿಮ್ಮ ಮನೆಬಾಗಿಲಿಗೆ ಬಂದು, "ಈ ಮನೆ ಬಿಟ್ಟು ಹೊಸ ಹಳ್ಳಿಗೆ ನಡೆಯಿರಿ, ಎಲ್ಲವೂ ನಿಮ್ಮ ಒಳಿತಿಗಾಗಿಯೇ" ಎಂದರೆ ಏನು ಮಾಡುವಿರಿ? 1970ರ ದಶಕದಲ್ಲಿ ಪೂರ್ವ ಆಫ್ರಿಕಾದ ಟಾಂಜಾನಿಯದಲ್ಲಿ ಲಕ್ಷಾಂತರ ರೈತರು ಇಂಥ ಆಜ್ಞೆಗೆ ತಲೆಬಾಗಬೇಕಾಯಿತು. ಅದನ್ನು ಹೊರಡಿಸಿದವರು ಜನರಿಂದ ‘ಮ್ವಾಲಿಮು’, ಅಂದರೆ ಗುರು, ಎಂದು ಕರೆಸಿಕೊಂಡ ಜೂಲಿಯಸ್ ನ್ಯೆರೆರೆ ಎಂಬುದೇ ಮನಸ್ಸನ್ನು ಕಲಕುವ ಸಂಗತಿ.

ನ್ಯೆರೆರೆ ಕಥೋಲಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವರು. 1955ರಲ್ಲಿ ಆ ಕೆಲಸ ತೊರೆದು ಸ್ವಾತಂತ್ರ್ಯ ಚಳವಳಿಯನ್ನು ಮುನ್ನಡೆಸಿದರು. 1961ರ ಡಿಸೆಂಬರ್ 9ರಂದು ಟಾಂಗನಿಕಾ ಬ್ರಿಟಿಷರಿಂದ ಬಿಡುಗಡೆ ಹೊಂದಿತು. 1964ರಲ್ಲಿ ಜಾಂಜಿಬಾರ್ ಜೊತೆಗೂಡಿ ಟಾಂಜಾನಿಯವಾಯಿತು. ನೂರಕ್ಕೂ ಹೆಚ್ಚು ಭಾಷೆಗಳ ಆ ನಾಡಿನಲ್ಲಿ ಅವರು ಯಾವುದೋ ಒಂದು ದೊಡ್ಡ ಬುಡಕಟ್ಟಿನ ನುಡಿಯನ್ನು ಇತರರ ಮೇಲೆ ಹೇರಲಿಲ್ಲ. ಕರಾವಳಿಯಿಂದ ವ್ಯಾಪಾರಿಗಳೊಡನೆ ಒಳನಾಡಿಗೂ ಹರಡಿದ್ದ ಸ್ವಾಹಿಲಿಯನ್ನೇ ರಾಷ್ಟ್ರಭಾಷೆಯಾಗಿ ಬೆಳೆಸಿದರು. ಶೇಕ್ಸ್‌ಪಿಯರನ ಎರಡು ನಾಟಕಗಳನ್ನು ಸ್ವತಃ ಸ್ವಾಹಿಲಿಗೆ ತಂದರು. (ನಾಡನ್ನು ಆಳುವವರಿಗೆ ಅಷ್ಟು ಬಿಡುವು ದೊರೆತದ್ದೂ ಒಂದು ಸೋಜಿಗವೇ!) ನೆರೆಯ ರುವಾಂಡ, ಬುರುಂಡಿಗಳು ಜನಾಂಗದ್ವೇಷದಲ್ಲಿ ಬೆಂದಾಗಲೂ ಟಾಂಜಾನಿಯ ಒಡೆಯಲಿಲ್ಲ.

1967ರ ಫೆಬ್ರವರಿಯಲ್ಲಿ ಹೊರಟ ಅರುಷಾ ಘೋಷಣೆಯೊಡನೆ ‘ಉಜಾಮಾ’ ಸರಕಾರದ ನೀತಿಯಾಯಿತು. ಒಂದೇ ಕುಟುಂಬದವರಂತೆ ಬಾಳುವುದು ಎಂದು ಆ ಪದದ ಅರ್ಥ. ದೂರದೂರ ಚದುರಿದ ಮನೆಗಳು ಒಂದೆಡೆ ಸೇರಿದರೆ ಶಾಲೆ, ಕುಡಿಯುವ ನೀರು, ಔಷಧಾಲಯ ಎಲ್ಲರಿಗೂ ಸಿಗುವುದೆಂಬ ಆಲೋಚನೆ ಸದುದ್ದೇಶದ್ದೇ. ಯಾರನ್ನೂ ಬಲವಂತಪಡಿಸಕೂಡದೆಂದು ಮೊದಮೊದಲು ನ್ಯೆರೆರೆಯವರೇ ಹೇಳುತ್ತಿದ್ದರು. ಆದರೆ ಜನರು ಹಿಂಜರಿದರು, ಗುರುವಿನ ತಾಳ್ಮೆ ಮುಗಿಯಿತು. 1973ರಲ್ಲಿ ಹಳ್ಳಿವಾಸ ಕಡ್ಡಾಯವಾಯಿತು. ಹೋದವರು ಮರಳಿ ಬಾರದಂತೆ ಕೆಲವೆಡೆ ಅವರ ಮನೆಗಳನ್ನೇ ಸುಡಲಾಯಿತು. 1976ರ ವೇಳೆಗೆ ಹೀಗೆ ಸ್ಥಳಾಂತರಗೊಂಡವರು ಸುಮಾರು 50 ಲಕ್ಷ. ಯಾವ ನೆಲಕ್ಕೆ ಯಾವ ಬೆಳೆ ಎಂಬುದನ್ನು ತಲೆಮಾರುಗಳಿಂದ ಅರಿತಿದ್ದ ರೈತನ ಮಾತನ್ನು, ಹಳ್ಳಿಯ ನಕ್ಷೆ ಬರೆದ ಅಧಿಕಾರಿ ಕೇಳಲಿಲ್ಲ. ಹೊಲಗಳು ಮನೆಗಳಿಂದ ದೂರವಾದವು. ಬರವೂ ಬಂದೆರಗಿ, ಹೊರದೇಶಗಳಿಂದ ಧಾನ್ಯ ತರಿಸಬೇಕಾಯಿತು.

ವಿಚಾರಣೆಯಿಲ್ಲದೆ ಬಂಧನದಲ್ಲಿಡುವ 1962ರ ಕಾನೂನನ್ನು ಅವರ ಸರಕಾರ ಬಳಸಿದ್ದನ್ನೂ ಮರೆಯುವಂತಿಲ್ಲ. ಆದರೂ ಅದೇ ಕಾಲದಲ್ಲಿ ಮಕ್ಕಳು ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದರು. ಸ್ವಾತಂತ್ರ್ಯ ತಂದ ನಾಯಕರು ಸಾಯುವವರೆಗೂ ಗದ್ದುಗೆಗೆ ಅಂಟಿಕೊಳ್ಳುತ್ತಿದ್ದ ದಿನಗಳಲ್ಲಿ, ನ್ಯೆರೆರೆ 1985ರಲ್ಲಿ ಸ್ವಇಚ್ಛೆಯಿಂದ ಅಧ್ಯಕ್ಷಪದವಿಯಿಂದ ಇಳಿದರು. 1999ರ ಅಕ್ಟೋಬರ್ 14ರಂದು ತೀರಿಕೊಂಡ ಅವರನ್ನು ಹುಟ್ಟೂರು ಬುಟಿಯಾಮದಲ್ಲಿ ಸಮಾಧಿ ಮಾಡಲಾಯಿತು. ಅವರನ್ನು ಸಂತರ ಸಾಲಿಗೆ ಸೇರಿಸುವ ವಿಚಾರಣೆಯನ್ನು ಮುಸೋಮ ಧರ್ಮಪ್ರಾಂತ್ಯವು 2005ರಲ್ಲಿ ಆರಂಭಿಸಿದಾಗ, ಆ ಹೊಸ ಹಳ್ಳಿಗಳಿಗೆ ಅಟ್ಟಲ್ಪಟ್ಟ ಅನೇಕರು ಇನ್ನೂ ಬದುಕಿದ್ದರು.