ಗ್ರಂಥ ಒಂದು, ಅರ್ಥ ಹಲವು: ಧರ್ಮಗ್ರಂಥಗಳ ವ್ಯಾಖ್ಯಾನದಲ್ಲಿ ವಾದ ಹುಟ್ಟುವುದೇಕೆ?



ಶ್ರೀಮಠದ ಅನುಭಾವ ಗೋಷ್ಠಿಗಳಲ್ಲಿ ಭಕ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ವಚನಗಳು ತಿಳಿಗನ್ನಡದಲ್ಲಿವೆ, ಹೇಳಿದವರು ನಮ್ಮವರೇ ಆದ ಶರಣರು, ಹಾಗಿದ್ದರೂ ಅವುಗಳ ಅರ್ಥದ ಬಗ್ಗೆ ಬಲ್ಲವರಲ್ಲಿಯೇ ಇಷ್ಟು ವಾದವೇಕೆ? ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ನೋವೇ ಹೆಚ್ಚಾಗಿರುತ್ತದೆ. ಒಂದೇ ಲಿಂಗವನ್ನು ಅಂಗೈಯಲ್ಲಿ ಹಿಡಿದವರು ಬೇರೆ ಬೇರೆ ವೇದಿಕೆಗಳಲ್ಲಿ ಕುಳಿತು ಪರಸ್ಪರ ಆಕ್ಷೇಪಿಸುವುದನ್ನು ಅವರು ಕಂಡಿದ್ದಾರೆ. ಈ ಪ್ರಶ್ನೆಗೆ ನಮಗೆ ತಿಳಿದಷ್ಟನ್ನು ಒಂದೆಡೆ ಕ್ರಮವಾಗಿ ಇರಿಸುವುದು ಈ ಲೇಖನದ ಉದ್ದೇಶ.

ನಮ್ಮ ನೆರೆಹೊರೆಯ ನಿದರ್ಶನ

ಬಾಳಗಡಿಯಲ್ಲಿ ನಿಂತು ಸುತ್ತ ನೋಡಿದರೆ ಈ ವಿಷಯಕ್ಕೆ ದೂರದ ಉದಾಹರಣೆ ಬೇಕಾಗುವುದಿಲ್ಲ. ತುಂಗೆಯ ದಡದ ಶೃಂಗೇರಿ ಶ್ರೀ ಶಂಕರಾಚಾರ್ಯರ ಅದ್ವೈತ ಪರಂಪರೆಯ ಪೀಠ. ಭದ್ರೆಯ ದಡದ ಬಾಳೆಹೊನ್ನೂರು ಪಂಚಾಚಾರ್ಯ ಪರಂಪರೆಯ ಶ್ರೀ ರಂಭಾಪುರಿ ಪೀಠದ ನೆಲೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಸನ್ನಿಧಿಯಿರುವ ಜೈನ ಕ್ಷೇತ್ರವಿದೆ. ಮೂರು ತಾಲ್ಲೂಕುಗಳ ಈ ಸಣ್ಣ ಸೀಮೆಯಲ್ಲಿಯೇ ವ್ಯಾಖ್ಯಾನಭೇದದ ದೊಡ್ಡ ಚರಿತ್ರೆ ಅಡಗಿದೆ.

ಬಾದರಾಯಣರ ಬ್ರಹ್ಮಸೂತ್ರವನ್ನೇ ನೋಡೋಣ. ಅದೇ ಸೂತ್ರಗಳಿಗೆ ಭಾಷ್ಯ ಬರೆದು ಶಂಕರರು ಅದ್ವೈತವನ್ನೂ, ರಾಮಾನುಜರು ವಿಶಿಷ್ಟಾದ್ವೈತವನ್ನೂ, ಮಧ್ವರು ದ್ವೈತವನ್ನೂ ಪ್ರತಿಪಾದಿಸಿದರು. ವೀರಶೈವ ದೃಷ್ಟಿಯಿಂದ ಶ್ರೀಪತಿ ಪಂಡಿತರು ಅದಕ್ಕೇ ಶ್ರೀಕರಭಾಷ್ಯವನ್ನು ರಚಿಸಿದರು. ಜೈನರಲ್ಲಿ ಭೇದವು ಅರ್ಥಕ್ಕೂ ಹಿಂದೆಯೇ ಆರಂಭವಾಗುತ್ತದೆ: ಮೂಲ ಆಗಮಗಳು ನಷ್ಟವಾದವೆಂದು ದಿಗಂಬರರು ಹೇಳಿದರೆ, ತಮ್ಮಲ್ಲಿ ಉಳಿದು ಬಂದಿರುವ ಆಗಮಗಳೇ ಪ್ರಮಾಣವೆಂದು ಶ್ವೇತಾಂಬರರು ನಂಬುತ್ತಾರೆ. ಆದುದರಿಂದ ಗ್ರಂಥವಿರುವಲ್ಲೆಲ್ಲ ವಾದವಿದೆ. ಇದು ನಮ್ಮ ಸಮಾಜಕ್ಕೆ ಮಾತ್ರ ಅಂಟಿದ ದೋಷವಲ್ಲ.

ವಾದ ಹುಟ್ಟುವ ಐದು ನೆಲೆಗಳು

ಮೊದಲನೆಯದು ಪಾಠ. ಶರಣರು ಬಾಳಿದ್ದು 12ನೆಯ ಶತಮಾನದಲ್ಲಿ. ವಚನಗಳನ್ನು ಹುಡುಕಿ ಕೂಡಿಸುವ ಕಾರ್ಯ ವ್ಯಾಪಕವಾಗಿ ನಡೆದದ್ದು 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಈಚೆಗೆ. ನಡುವಣ ಕಾಲದಲ್ಲಿ ವಚನಗಳು ನಾಲಿಗೆಯಿಂದ ನಾಲಿಗೆಗೆ, ಓಲೆಯಿಂದ ಓಲೆಗೆ ಸಾಗಿದವು. ಪ್ರತಿ ಮಾಡುವವನ ಕಣ್ಣು ತಪ್ಪಿದಲ್ಲಿ ಒಂದಕ್ಷರ ಬದಲಾಯಿತು. ಒಬ್ಬ ಶರಣನ ವಚನ ಮತ್ತೊಬ್ಬನ ಹೆಸರಿಗೆ ಸೇರಿತು. ಪಾಠ ಎರಡಾದಲ್ಲಿ ಅರ್ಥ ಎರಡಾಗುವುದು ಸಹಜ.

ಎರಡನೆಯದು ಪದ. ‘ಜಂಗಮ’ ಎಂಬುದು ಚಲಿಸುವ ಚೈತನ್ಯವೇ, ಮನೆಗೆ ಬರುವ ಗುರುಮೂರ್ತಿಯೇ, ಒಂದು ಜನವರ್ಗವೇ? ಮೂರು ಅರ್ಥಗಳೂ ಬಳಕೆಯಲ್ಲಿವೆ. ‘ಕಾಯಕ’ವೆಂದರೆ ದುಡಿಮೆ ಎಂದು ಇಂದು ಸರಳವಾಗಿ ಹೇಳಿಬಿಡುತ್ತೇವೆ. ಆದರೆ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗವನ್ನು ನೆನೆದರೆ, ಕಾಯಕದೊಳಗೆ ದುಡಿಮೆಯಷ್ಟೇ ಅಲ್ಲ, ಮಿತಿಯೂ ದಾಸೋಹವೂ ಇವೆ ಎಂಬುದು ತಿಳಿಯುತ್ತದೆ. ಎಂಟು ಶತಮಾನಗಳಲ್ಲಿ ಪದ ಉಳಿಯಿತು, ಅದರ ಸುತ್ತಲಿನ ಬದುಕು ಬದಲಾಯಿತು.

ಮೂರನೆಯದು ಸಂದರ್ಭ. ಹೆಚ್ಚಿನ ವಚನಗಳು ಯಾವಾಗ, ಯಾರಿಗೆ, ಯಾವ ಪ್ರಶ್ನೆಗೆ ಉತ್ತರವಾಗಿ ಬಂದವೆಂಬುದು ವಚನದಲ್ಲಿ ಬರೆದಿರುವುದಿಲ್ಲ. ಸಂಕಲನಕಾರರು ಅವನ್ನು ಭಕ್ತ, ಮಹೇಶ ಮೊದಲಾದ ಆರು ಸ್ಥಲಗಳಲ್ಲಿ ಹಂಚಿ ಸ್ಥಲಕಟ್ಟುಗಳನ್ನು ಸಿದ್ಧಪಡಿಸಿದರು. ವಚನವೊಂದನ್ನು ಯಾವ ಸ್ಥಲದಲ್ಲಿ ಇಡಬೇಕೆಂಬ ನಿರ್ಣಯವೇ ಒಂದು ವ್ಯಾಖ್ಯಾನ. ಇನ್ನು ಅಲ್ಲಮಪ್ರಭುಗಳ ಬೆಡಗಿನ ವಚನಗಳಂತೂ ನೇರ ಅರ್ಥಕ್ಕೆ ಸಿಗುವಂಥವಲ್ಲ. ಅವಕ್ಕೆ ಟೀಕೆಗಳು ಹುಟ್ಟಿದವು, ಟೀಕೆಗಳಲ್ಲಿ ಭೇದವೂ ಹುಟ್ಟಿತು.

ನಾಲ್ಕನೆಯದು ಪ್ರಮಾಣ. ಯಾವ ಗ್ರಂಥ ಮೊದಲು, ಯಾರ ಮಾತು ಕಡೆಯದು ಎಂಬ ಪ್ರಶ್ನೆ ಇದು. ರೇಣುಕರು ಅಗಸ್ತ್ಯರಿಗೆ ಬೋಧಿಸಿದರೆನ್ನುವ ಸಿದ್ಧಾಂತ ಶಿಖಾಮಣಿಯನ್ನು ಮೂಲವೆಂದು ತಿಳಿದವರು ಅದರ ಬೆಳಕಿನಲ್ಲಿ ವಚನಗಳನ್ನು ಓದುತ್ತಾರೆ. ವಚನಗಳನ್ನೇ ಮೂಲವೆಂದು ತಿಳಿದವರು ಅವುಗಳ ಬೆಳಕಿನಲ್ಲಿ ಉಳಿದೆಲ್ಲ ಗ್ರಂಥಗಳನ್ನು ತೂಗುತ್ತಾರೆ. ಹೊರಡುವ ಊರು ಬೇರೆಯಾದಾಗ ದಾರಿಯೂ ಬೇರೆಯಾಗುತ್ತದೆ.

ಐದನೆಯದು ಫಲ. ಅರ್ಥದ ಹಿಂದೆ ಬದುಕಿನ ಪ್ರಶ್ನೆಗಳಿರುತ್ತವೆ: ದೀಕ್ಷೆ ಕೊಡುವ ಅಧಿಕಾರ ಯಾರದು, ಹೆಣ್ಣುಮಕ್ಕಳಿಗೆ ಪೀಠವುಂಟೇ, ಸಮಾಜದ ಗುರುತು ಯಾವುದು? 2018ರ ಮಾರ್ಚ್ 19ರಂದು ಕರ್ನಾಟಕ ಸಚಿವ ಸಂಪುಟವು ಬಸವತತ್ವವನ್ನು ನಂಬುವ ಲಿಂಗಾಯತರಿಗೂ ವೀರಶೈವ ಲಿಂಗಾಯತರಿಗೂ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ನೀಡುವ ಶಿಫಾರಸನ್ನು ಅಂಗೀಕರಿಸಿತು; ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಆ ದಿನಗಳಲ್ಲಿ ವಚನಗಳ ಅರ್ಥವು ಗೋಷ್ಠಿಯಿಂದ ಬೀದಿಗೆ, ಬೀದಿಯಿಂದ ಚುನಾವಣೆಯ ಸಭೆಗೆ ಹೋದುದನ್ನು ನಾವೆಲ್ಲರೂ ಕಂಡೆವು. ಫಲ ದೊಡ್ಡದಾದಷ್ಟೂ ದನಿ ಏರುತ್ತದೆ.

ಮುದ್ರಣ ತಂದ ಬದಲಾವಣೆ

ಈ ಐದೂ ಹಿಂದೆಯೂ ಇದ್ದವು. ಆದರೆ ವಾದವು ಮನೆಮನೆಗೆ ಬಂದದ್ದು ಮುದ್ರಣದಿಂದ. ಹಿಂದೆ ಸಾಮಾನ್ಯ ಭಕ್ತನು ವಚನವನ್ನು ಕೇಳುತ್ತಿದ್ದುದು ಗುರುವಿನ ಬಾಯಿಂದ. ವಚನದೊಡನೆ ಅದರ ಅರ್ಥವೂ ಬರುತ್ತಿತ್ತು. ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ಓದಬಲ್ಲ ಯಾರಾದರೂ ವಚನವನ್ನು ನೇರವಾಗಿ ಓದುವಂತಾಯಿತು. ಓದುಗರು ಹೆಚ್ಚಿದರು, ಅರ್ಥಗಳೂ ಹೆಚ್ಚಿದವು. ಇದನ್ನು ನಷ್ಟವೆಂದು ನಾವು ತಿಳಿಯುವುದಿಲ್ಲ. ಜನರ ಆಡುನುಡಿಯಲ್ಲಿಯೇ ಅನುಭಾವವನ್ನು ನುಡಿದ ಶರಣರ ಉದ್ದೇಶವೂ ಇದೇ ಅಲ್ಲವೇ?

ಅಂಕಿತದ ವಿವಾದ

ಇತ್ತೀಚಿನ ದಶಕಗಳಲ್ಲಿ ಸಮಾಜವನ್ನು ಬಹಳ ಕಲಕಿದ್ದು ಅಂಕಿತದ ಪ್ರಶ್ನೆ. ಪೂಜ್ಯ ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ ಗ್ರಂಥದಲ್ಲಿ ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಮುದ್ರಿಸಿದರು. ಇಷ್ಟಲಿಂಗೋಪಾಸನೆಯನ್ನು ಕೊಟ್ಟ ಗುರುವಿನ ಅಂಕಿತವು ಸ್ಥಾವರ ಕ್ಷೇತ್ರವೊಂದರ ದೇವರ ಹೆಸರಾಗಿರಬಾರದೆಂಬ ಚಿಂತನೆ ಅದರ ಹಿಂದಿತ್ತು. ಸಮಾಜದಲ್ಲಿ ತೀವ್ರ ವಿರೋಧ ಬಂದಿತು. 1998ರಲ್ಲಿ ರಾಜ್ಯ ಸರ್ಕಾರ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ಉಚ್ಚ ನ್ಯಾಯಾಲಯವೂ, 2017ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರದ ಆದೇಶವನ್ನು ಎತ್ತಿಹಿಡಿದವು.

ಈ ಪ್ರಕರಣದಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕೆಂಬುದು ನಮ್ಮ ವಿನಮ್ರ ಅಭಿಪ್ರಾಯ. ಕೂಡಲಸಂಗಮದೇವನೆಂದರೆ ನಿರಾಕಾರ ಪರಶಿವನೇ ಎಂದು ಅರ್ಥ ಹೇಳುವುದು ವ್ಯಾಖ್ಯಾನ. ಅದಕ್ಕೆ ಎಲ್ಲರಿಗೂ ಅವಕಾಶವಿದೆ. ಆದರೆ ಅಂಕಿತವು ವಚನಕಾರನ ರುಜು. ಓಲೆಗರಿಗಳಲ್ಲಿ ಯಾವ ವಚನ ಯಾರದೆಂದು ನಾವು ಗುರುತಿಸುವುದು ಬಹುಪಾಲು ಅದರಿಂದಲೇ. ಅದನ್ನು ಬದಲಿಸಿದರೆ ಮುಂದಿನವರಿಗೆ ನಮ್ಮ ಅರ್ಥ ಮಾತ್ರ ಸಿಗುತ್ತದೆ, ಅದನ್ನು ಪರೀಕ್ಷಿಸುವ ಸಾಧನ ಸಿಗುವುದಿಲ್ಲ. ಹಾಗೆಂದು ಮುಟ್ಟುಗೋಲಿನಿಂದ ವಾದ ಮುಗಿಯಿತೆಂದೂ ಹೇಳಲಾಗದು. ನ್ಯಾಯಾಲಯವು ಕಾನೂನಿನ ಪ್ರಶ್ನೆಗೆ ಉತ್ತರ ಕೊಡಬಲ್ಲದು. ವಚನದ ಅರ್ಥವನ್ನು ನಿರ್ಣಯಿಸುವ ಹೊಣೆ ಸಮಾಜದ ಮೇಲೆಯೇ ಉಳಿಯುತ್ತದೆ.

ಇನ್ನೊಂದು ಪ್ರಸಂಗವನ್ನೂ ಮರೆಯಬಾರದು. ಡಾ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ ಗ್ರಂಥದಲ್ಲಿ ಬಸವಣ್ಣನವರ ಕುಟುಂಬದ ಬಗ್ಗೆ ಮಾಡಿದ ಊಹೆಗಳು ಸಮಾಜದ ಕೋಪಕ್ಕೆ ಗುರಿಯಾದವು. 1989ರಲ್ಲಿ ಅವರು ಒತ್ತಡಕ್ಕೆ ಮಣಿದು ಅವನ್ನು ಹಿಂತೆಗೆದುಕೊಂಡರು. ಅವರೇ ಪ್ರಧಾನ ಸಂಪಾದಕರಾಗಿ 1993ರಲ್ಲಿ ಕರ್ನಾಟಕ ಸರ್ಕಾರದ ‘ಸಮಗ್ರ ವಚನ ಸಂಪುಟ’ 15 ಸಂಪುಟಗಳಲ್ಲಿ ಹೊರಬಂದಿತು. ಅರ್ಥದ ವಿಷಯದಲ್ಲಿ ಅವರೊಡನೆ ಮುನಿದವರೂ ಇಂದು ಆ ಸಂಪುಟಗಳ ಪಾಠವನ್ನೇ ತೆರೆದು ಓದುತ್ತಾರೆ. ಮುನಿಸು ತಣಿಯುತ್ತದೆ, ಶುದ್ಧ ಪಾಠ ಉಳಿಯುತ್ತದೆ.

ಹಿರಿಯರು ತೋರಿದ ದಾರಿ: ಶೂನ್ಯಸಂಪಾದನೆ

ಭಿನ್ನಾಭಿಪ್ರಾಯವನ್ನು ನಿರ್ವಹಿಸಿದ ಹಳೆಯ ಮಾದರಿ ನಮ್ಮಲ್ಲಿಯೇ ಇದೆ. ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯನವರು. ಅನಂತರ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗರು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಬೇರೆ ಬೇರೆಯಾಗಿ ಪರಿಷ್ಕರಿಸಿದರು. ಇವರ ನಡುವಿನ ಮುಖ್ಯ ಭೇದಗಳಲ್ಲಿ ಒಂದು ಸೊನ್ನಲಿಗೆಯ ಸಿದ್ಧರಾಮೇಶ್ವರರ ದೀಕ್ಷೆಯದು. ಮೊದಲ ಸಂಪಾದನೆಯಲ್ಲಿ ಅವರಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗವಿಲ್ಲ; ಮುಂದಿನ ಪರಿಷ್ಕರಣಗಳಲ್ಲಿ ಅದು ಸೇರಿತು. ಅಂತರಂಗದಲ್ಲಿ ಅರಿವು ನೆಲೆಗೊಂಡವರಿಗೆ ಬಾಹ್ಯ ದೀಕ್ಷೆ ಅವಶ್ಯವೇ ಎಂಬ ಗಹನವಾದ ಪ್ರಶ್ನೆ ಇದರ ಹಿಂದಿದೆ.

ಹಾಗಾದರೆ ಹಿರಿಯರೂ ಗ್ರಂಥವನ್ನು ತಿದ್ದಿದರಲ್ಲವೇ ಎಂದು ಕೇಳಬಹುದು. ತಿದ್ದಿದರು ನಿಜ. ಆದರೆ ಅವರ ತಿದ್ದುಪಡಿ ಹೆಚ್ಚಾಗಿ ಕಥನದ ಜೋಡಣೆಯಲ್ಲಿ, ಪ್ರಸಂಗಗಳ ಸೇರ್ಪಡೆಯಲ್ಲಿ ನಡೆಯಿತು. ಅದನ್ನು ತಮ್ಮ ತಮ್ಮ ಸಂಪಾದನೆಯೆಂದೇ ಮುಂದಿಟ್ಟರು. ಹಿಂದಿನ ಸಂಪಾದನೆಯ ಓಲೆಗಳನ್ನು ಯಾರೂ ಹೊಳೆಗೆ ಹಾಕಲಿಲ್ಲ. ಆದುದರಿಂದಲೇ ಇಂದು ನಾವು ಅವನ್ನು ಒಟ್ಟಿಗೆ ಇಟ್ಟು, ಎಲ್ಲಿ ಬದಲಾಯಿತು, ಏಕೆ ಬದಲಾಯಿತು ಎಂದು ವಿಚಾರಿಸಬಲ್ಲೆವು.

ಅರ್ಥವನ್ನು ನಿಷ್ಕರ್ಷಿಸುವ ಆರು ಗುರುತುಗಳು

ಒಂದು ಗ್ರಂಥದ ತಾತ್ಪರ್ಯವನ್ನು ತಿಳಿಯಲು ಭಾರತೀಯ ಶಾಸ್ತ್ರ ಪರಂಪರೆಯು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿದೆ. ವಚನಗಳ ಓದಿಗೂ ಅವು ಒದಗುತ್ತವೆ.

ಉಪಕ್ರಮ ಮತ್ತು ಉಪಸಂಹಾರ: ಆರಂಭ ಮತ್ತು ಅಂತ್ಯ ಏನು ಹೇಳುತ್ತವೆ? ನಡುವಿನ ಒಂದು ಸಾಲನ್ನು ಕಿತ್ತು ತೋರಿಸಬಾರದು.
ಅಭ್ಯಾಸ: ಯಾವ ಮಾತು ಮತ್ತೆ ಮತ್ತೆ ಬರುತ್ತದೆ? ಅದೇ ಶರಣರ ಇತರ ವಚನಗಳು ಅದನ್ನು ಒಪ್ಪುತ್ತವೆಯೇ?
ಅಪೂರ್ವತೆ: ಬೇರೆಲ್ಲೂ ಸಿಗದ ಯಾವ ಹೊಸ ಮಾತು ಇಲ್ಲಿದೆ?
ಫಲ: ಇದನ್ನು ನಡೆಯಲ್ಲಿ ತಂದರೆ ಏನಾಗುತ್ತದೆ?
ಅರ್ಥವಾದ: ಸ್ತುತಿ ಅಥವಾ ನಿಂದೆಗಾಗಿ ಹೇಳಿದ ಮಾತು ಯಾವುದು? ಅದನ್ನು ವಿಧಿಯೆಂದು ತಿಳಿಯಬಾರದು.
ಉಪಪತ್ತಿ: ಹೇಳಿದ ಅರ್ಥವು ಯುಕ್ತಿಗೆ ನಿಲ್ಲುತ್ತದೆಯೇ?

ಉಪಸಂಹಾರ

ಇಷ್ಟನ್ನು ವಿಚಾರಿಸಿದ ಮೇಲೆ ನಮಗೆ ತೋರುವುದು ಇದು. ಅರ್ಥದ ಬಗೆಗಿನ ವಾದವು ಧರ್ಮಕ್ಕೆ ತಗುಲಿದ ರೋಗವಲ್ಲ. ಗ್ರಂಥವು ಇನ್ನೂ ಜನರ ಬದುಕಿಗೆ ಬೇಕಾಗಿದೆ ಎಂಬುದರ ಲಕ್ಷಣ. ಯಾರಿಗೂ ಬೇಡವಾದ ಗ್ರಂಥದ ಬಗ್ಗೆ ಯಾರೂ ಜಗಳವಾಡುವುದಿಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನೂ ಸಿದ್ಧರಾಮರನ್ನೂ ಕಠಿಣವಾಗಿ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಆದರೆ ಪ್ರಶ್ನಿಸಿ ಯಾರನ್ನೂ ಹೊರಗೆ ಕಳುಹಿಸಲಿಲ್ಲ.

ಭೇದವು ವೈರವಾಗುವುದು ಎರಡು ಸಂದರ್ಭಗಳಲ್ಲಿ: ನಮ್ಮ ಅರ್ಥಕ್ಕೆ ಹೊಂದುವಂತೆ ಮೂಲ ಪಾಠವನ್ನೇ ತಿದ್ದಿದಾಗ, ಮತ್ತು ಬೇರೆ ಅರ್ಥ ಹೇಳಿದವರ ಬಾಯಿ ಮುಚ್ಚಿಸಹೊರಟಾಗ. ಮೊದಲನೆಯದು ಮುಂದಿನವರ ಹಕ್ಕನ್ನು ಕಸಿಯುತ್ತದೆ, ಎರಡನೆಯದು ಇಂದಿನವರದನ್ನು. ಪಾಠವನ್ನು ಇದ್ದಂತೆ ಕಾಯುವುದು, ಅರ್ಥವನ್ನು ಕೂಡಿ ಹುಡುಕುವುದು ಇಂದು ನಮ್ಮ ಮುಂದಿರುವ ಕರ್ತವ್ಯ.

ಸದ್ಭಕ್ತರು ಮನೆಯಲ್ಲಿ ಹಳೆಯ ಓಲೆಗರಿಯಾಗಲಿ, ಕೈಬರಹದ ವಚನ ಪುಸ್ತಕವಾಗಲಿ ಇದ್ದರೆ ಅಟ್ಟದ ಮೇಲೆ ಗೆದ್ದಲಿಗೆ ಬಿಡದೆ, ಮಲೆನಾಡಿನ ಮಳೆಗಾಲದ ತೇವ ತಗುಲದಂತೆ ಕಾಪಾಡಬೇಕೆಂದು ಕೋರುತ್ತೇವೆ. ನಾಳಿನ ವಾದವೊಂದು ಸತ್ಯದ ಕಡೆಗೆ ತಿರುಗಲು ಆ ಒಂದು ಗರಿಯೇ ಸಾಕಾಗಬಹುದು.