ಬುಲೆಟ್ ರೈಲಿನ ಲೆಕ್ಕ, ತಿಮ್ಮಾಪುರದ ಕಡೆಯಿಂದ

ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು 2024ರ ಸೆಪ್ಟೆಂಬರಿನಿಂದ ಕುಡಚಿಯ ಹಳಿಗಳ ಮೇಲೆ ಹಾಯ್ದು ಹೋಗುತ್ತಿದೆ. ಅದೇ ಕುಡಚಿಯಿಂದ ಜಮಖಂಡಿ, ಮುಧೋಳ, ಲೋಕಾಪುರದ ಮೇಲೆ ಬಾಗಲಕೋಟೆಗೆ ಬರಬೇಕಾದ 142 ಕಿ.ಮೀ. ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 2010-11ರಲ್ಲಿ. ಬಾಗಲಕೋಟೆ ಕಡೆಯಿಂದ ಖಜ್ಜಿಡೋಣಿಯವರೆಗಿನ ತುಂಡು ಮೊದಲು ಮುಗಿಯಿತು. ಮುಂದಿನದು ಕುಂಟುತ್ತ ಸಾಗಿದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದವರಿಗೆ ರೈಲು ಬೇಕೆಂದರೆ ಮೊದಲು ಬಸ್ಸು ಬೇಕು. ಇಂಥ ಊರಿನಲ್ಲಿ ನಿಂತು ಗಂಟೆಗೆ 320 ಕಿ.ಮೀ. ವೇಗದ ರೈಲಿಗೆ ಸುರಿಯುವ ದುಡ್ಡು ದಕ್ಕುತ್ತದೆಯೇ ಎಂದು ಕೇಳುವುದು ಕೆಲವರಿಗೆ ಕುಹಕ ಅನ್ನಿಸೀತು. ಕುಹಕವೇನಲ್ಲ. ರೈಲ್ವೆಯಲ್ಲಿ ದುಡ್ಡು ಹೂಡುವುದು ಯಾತಕ್ಕೆ ಎಂಬ ಪ್ರಶ್ನೆ ಈ ಸೀಮೆಗೆ ಹಳೆಯದು.

ಇಲ್ಲಿಗೆ ಮೊದಲ ರೈಲು ಬಂದದ್ದು ಲಾಭದ ಲೆಕ್ಕದಿಂದಲ್ಲ, ಬರದ ಲೆಕ್ಕದಿಂದ. 1876–78ರ ಬರದಲ್ಲಿ ಈ ಬಯಲುಸೀಮೆ ಬರಿದಾಯಿತು. ಬೇರೆಡೆ ಕಾಳಿದ್ದರೂ ಹೊತ್ತು ತರುವ ದಾರಿಯಿರಲಿಲ್ಲ. ಅದರ ಪಾಠವಾಗಿ ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಮೂಲಕ ಗದಗಿಗೆ ಮೀಟರ್ ಗೇಜ್ ಹಳಿ ಹಾಸಿತು. ಟಿಕೆಟ್ ಎಷ್ಟು ಮಾರಾಟವಾದೀತು ಎಂಬುದು ಆಗ ಎರಡನೆಯ ಮಾತು. ಮುಧೋಳವೂ ಜಮಖಂಡಿಯೂ ಆಗ ಸಂಸ್ಥಾನಗಳು; ಹಳಿ ಅವನ್ನು ಪಶ್ಚಿಮಕ್ಕೆ ಬಿಟ್ಟು ಹೋಯಿತು.

ವೇಗಕ್ಕಾಗಿಯೇ ದುಡ್ಡು ಹೂಡುವ ಕಥೆ ಶುರುವಾಗುವುದು ಜಪಾನಿನಲ್ಲಿ. ಟೋಕಿಯೊ–ಒಸಾಕಾ ನಡುವಿನ 515 ಕಿ.ಮೀ. ಶಿಂಕಾನ್‌ಸೆನ್ ಮಾರ್ಗಕ್ಕೆ ಹಾಕಿದ್ದ ಅಂದಾಜು ಸುಮಾರು 20,000 ಕೋಟಿ ಯೆನ್. ಮುಗಿಯುವಾಗ ತಗುಲಿದ್ದು 38,000 ಕೋಟಿ. ವಿಶ್ವ ಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ತಂದರು. ಸಾಲದ ನೆಪದಲ್ಲಿ ಸರ್ಕಾರ ಬದಲಾದರೂ ಯೋಜನೆ ನಿಲ್ಲದಂತೆ ನೋಡಿಕೊಂಡರು ಎಂಬ ಮಾತೂ ಉಂಟು. ಖರ್ಚು ಮಿತಿಮೀರಿದ್ದಕ್ಕೆ ರೈಲ್ವೆ ಅಧ್ಯಕ್ಷ ಶಿಂಜಿ ಸೊಗೊ 1963ರಲ್ಲಿ ಕುರ್ಚಿ ಬಿಟ್ಟರು, ಮುಖ್ಯ ಎಂಜಿನಿಯರ್ ಹಿದೆಯೊ ಶಿಮಾ ಕೂಡ ಹೊರನಡೆದರು. 1964ರ ಅಕ್ಟೋಬರ್ 1ರಂದು ರೈಲು ಹೊರಟಿತು. ಮೂರು ವರ್ಷ ತುಂಬುವುದರೊಳಗೆ 10 ಕೋಟಿ ಪ್ರಯಾಣಿಕರು ಅದರಲ್ಲಿ ಓಡಾಡಿದ್ದರು. ಎರಡು ಮಹಾನಗರ, ನಡುವೆ ಸಾಲುಸಾಲು ಕೈಗಾರಿಕಾ ಪಟ್ಟಣ, ಹಳೆಯ ಹಳಿ ಪೂರ್ತಿ ತುಂಬಿ ತುಳುಕುತ್ತಿತ್ತು. ಅಲ್ಲಿ ದುಡ್ಡು ವಾಪಸ್ಸು ಬಂತು.

ಆ ಗೆಲುವಿನ ಗುಂಗಿನಲ್ಲಿ ಮುಂದೆ ನಡೆದದ್ದನ್ನು ನಮ್ಮವರು ಅಷ್ಟಾಗಿ ಹೇಳುವುದಿಲ್ಲ. ತಮ್ಮ ತಮ್ಮ ಕ್ಷೇತ್ರಕ್ಕೂ ಶಿಂಕಾನ್‌ಸೆನ್ ಬೇಕೆಂದು ರಾಜಕಾರಣಿಗಳು ಹಟ ಹಿಡಿದರು. 1987ರಲ್ಲಿ ಜಪಾನಿನ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಕಂಪನಿಗಳನ್ನಾಗಿ ಮಾಡುವ ಹೊತ್ತಿಗೆ ಅದರ ತಲೆಯ ಮೇಲೆ ಸುಮಾರು 37 ಲಕ್ಷ ಕೋಟಿ ಯೆನ್ ಸಾಲವಿತ್ತು. ಅದಷ್ಟೂ ವೇಗದ ರೈಲಿನ ಪಾಪವಲ್ಲ, ಆದರೆ ಅದರ ಪಾಲೂ ಇತ್ತು.

ಫ್ರಾನ್ಸ್ 1981ರಲ್ಲಿ ಪ್ಯಾರಿಸ್–ಲಿಯೋನ್ ಟಿಜಿವಿ ಓಡಿಸಿತು, ಅದೂ ಗೆದ್ದಿತು. ಸ್ಪೇನ್ 1992ರಲ್ಲಿ ಮ್ಯಾಡ್ರಿಡ್–ಸೆವಿಲ್ ಮಾರ್ಗದಿಂದ ಆರಂಭಿಸಿ ಯುರೋಪಿನಲ್ಲೇ ಅತಿ ಉದ್ದದ ಜಾಲ ಕಟ್ಟಿತು. ಹಳಿ ಬೆಳೆದಷ್ಟು ಪ್ರಯಾಣಿಕರು ಬೆಳೆಯಲಿಲ್ಲ. ಯುರೋಪಿನ ಲೆಕ್ಕ ಪರಿಶೋಧಕರು 2018ರಲ್ಲಿ ತಪಾಸಣೆ ಮಾಡಿದಾಗ ಕಂಡದ್ದು ಇನ್ನೂ ಮಜವಾಗಿದೆ: ಅವರು ನೋಡಿದ ಮಾರ್ಗಗಳಲ್ಲಿ ರೈಲುಗಳ ಸರಾಸರಿ ವೇಗ ವಿನ್ಯಾಸದ ವೇಗದ ಶೇ 45ರಷ್ಟು ಮಾತ್ರ. ಓಡದ ವೇಗಕ್ಕೂ ತೆರಿಗೆದಾರ ದುಡ್ಡು ತೆತ್ತಿದ್ದ. ಕ್ಯಾಲಿಫೋರ್ನಿಯಾ 2008ರಲ್ಲಿ ಜನಮತ ಪಡೆದ ಯೋಜನೆಯ ವೆಚ್ಚ ಮೂರು ಪಟ್ಟು ಮೀರಿದೆ, ರೈಲು ಇನ್ನೂ ಇಲ್ಲ.

ಚೀನಾದ ಮಾತು ಬೇರೆ. 2008ರಲ್ಲಿ ಬೀಜಿಂಗ್–ತಿಯಾನ್‌ಜಿನ್ ಮಾರ್ಗ ತೆರೆದವರು 2024ರ ಕೊನೆಗೆ 48,000 ಕಿ.ಮೀ. ಮುಟ್ಟಿದರು. ಬೀಜಿಂಗ್–ಶಾಂಘೈ ಮಾರ್ಗ ಲಾಭದಲ್ಲಿದೆ, ಅದರ ಕಂಪನಿ ಷೇರುಪೇಟೆಗೂ ಬಂದಿದೆ. ಆದರೆ ಚೀನಾ ರೈಲ್ವೆಯ ಒಟ್ಟು ಸಾಲ 6 ಲಕ್ಷ ಕೋಟಿ ಯುವಾನ್ ದಾಟಿದೆ. ಪೂರ್ವದ ತುಂಬಿದ ಮಾರ್ಗಗಳ ಗಳಿಕೆ ಪಶ್ಚಿಮದ ಖಾಲಿ ಮಾರ್ಗಗಳನ್ನು ಸಾಕುತ್ತಿದೆ.

ಈ ಅನುಭವಗಳನ್ನೆಲ್ಲ ಜಾಲಿಸಿ ನೋಡಿದ ಅರ್ಥಶಾಸ್ತ್ರಜ್ಞರು ಒಂದು ಅಂದಾಜಿಗೆ ಬಂದಿದ್ದಾರೆ. ಸ್ಪೇನಿನ ಗಿನೆಸ್ ದೆ ರುಸ್ ಮತ್ತು ಗುಸ್ತಾವೊ ನೊಂಬೆಲಾ 2007ರಲ್ಲಿ ಹಾಕಿದ ಲೆಕ್ಕದಂತೆ, ಸುಮಾರು 500 ಕಿ.ಮೀ. ಮಾರ್ಗ ಸಮಾಜಕ್ಕೆ ದಕ್ಕಬೇಕಾದರೆ ಮೊದಲ ವರ್ಷದಿಂದಲೇ 80 ಲಕ್ಷದಿಂದ 1 ಕೋಟಿ ಪ್ರಯಾಣಿಕರು ಬೇಕು. ಇನ್ನೊಬ್ಬರು ಡೆನ್ಮಾರ್ಕಿನ ಬೆಂಟ್ ಫ್ಲೂಬ್ಯೆರ್ಗ್. ರೈಲು ಯೋಜನೆಗಳ ಪ್ರಯಾಣಿಕರ ಮುನ್ನಂದಾಜು ಸರಾಸರಿಯಲ್ಲಿ ನಿಜಸಂಖ್ಯೆಯ ದುಪ್ಪಟ್ಟಿಗೂ ಹೆಚ್ಚು ಎಂದು ಅವರ ತಂಡ 2005ರಲ್ಲಿ ತೋರಿಸಿತು. ಅಂದರೆ ಯೋಜನಾ ವರದಿಯಲ್ಲಿ 100 ಜನ ಇದ್ದರೆ ಡಬ್ಬಿಯಲ್ಲಿ 50 ಜನ ಎಂದುಕೊಂಡು ಓದುವುದು ಕ್ಷೇಮ.

ಈಗ ನಮ್ಮ ಮನೆಯ ಲೆಕ್ಕ. 508 ಕಿ.ಮೀ. ಮುಂಬೈ–ಅಹಮದಾಬಾದ್ ಮಾರ್ಗಕ್ಕೆ 2017ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಬಿದ್ದಾಗ ಅಂದಾಜು 1.08 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಶೇ 81 ಜಪಾನಿನ ಸಾಲ: ಬಡ್ಡಿ ಶೇ 0.1, ಅವಧಿ 50 ವರ್ಷ, ಮೊದಲ 15 ವರ್ಷ ಕಂತಿಲ್ಲ. ಕೇಳಲು ಪುಕ್ಕಟೆ ಅನ್ನಿಸುತ್ತದೆ; ತೀರಿಸಬೇಕಾದದ್ದು ಯೆನ್‌ನಲ್ಲಿ ಎಂಬುದನ್ನು ಮರೆಯಬಾರದು. ಈ ಸಾಲ ತೀರಬೇಕಾದರೆ ದಿನಕ್ಕೆ 88,000ದಿಂದ 1,18,000 ಪ್ರಯಾಣಿಕರು ಬೇಕೆಂದು ಅಹಮದಾಬಾದಿನ ಐಐಎಂ ಅಧ್ಯಯನ 2016ರಲ್ಲಿ ಹೇಳಿತು. ಕೊಂಕಣ ರೈಲ್ವೆ, ದಿಲ್ಲಿ ಮೆಟ್ರೊ ಕಟ್ಟಿದ ಇ. ಶ್ರೀಧರನ್ 2018ರಲ್ಲಿ, ಬುಲೆಟ್ ರೈಲು ಉಳ್ಳವರಿಗಷ್ಟೇ, ದೇಶಕ್ಕೆ ಬೇಕಾದದ್ದು ಸ್ವಚ್ಛ, ಸುರಕ್ಷಿತ, ವೇಗದ ಸಾಮಾನ್ಯ ರೈಲು ಎಂಬರ್ಥದ ಮಾತಾಡಿದ್ದರು. ರೈಲು ವಿರೋಧಿ ಎಂದು ಅವರನ್ನು ಯಾರೂ ಕರೆಯಲಾರರು.

ಅಡಿಗಲ್ಲಿನ ಹೊತ್ತಿನ ಅಂದಾಜನ್ನೇ ಹಿಡಿದರೂ ಬುಲೆಟ್ ಮಾರ್ಗಕ್ಕೆ ಕಿ.ಮೀ.ಗೆ 210 ಕೋಟಿಗೂ ಹೆಚ್ಚು. ಕಿತ್ತೂರಿನ ಮೇಲೆ ಹಾಯುವ ಧಾರವಾಡ–ಬೆಳಗಾವಿ ಹೊಸ ಮಾರ್ಗಕ್ಕೆ 73 ಕಿ.ಮೀ.ಗೆ 927 ಕೋಟಿ ಅಂದಾಜಿತ್ತು, ಅಂದರೆ ಕಿ.ಮೀ.ಗೆ 13 ಕೋಟಿಯೊಳಗೆ. ಒಂದು ಜೋಡಿಹಳಿ ಮೇಲುಸೇತುವೆ, ಇನ್ನೊಂದು ನೆಲದ ಮೇಲಿನ ಹಳಿ. ನೇರ ಹೋಲಿಕೆ ಸಲ್ಲದು, ನಿಜ. ಆದರೂ ಹದಿನಾರು ಪಟ್ಟಿನ ಅಂತರ ಕಣ್ಣಿಗೆ ಕಾಣದಿರದು.

ಕರ್ನಾಟಕದಲ್ಲಿ ಎದ್ದಿರುವ ಬುಲೆಟ್ ರೈಲಿನ ಒಂದು ಮಾತು ಮೈಸೂರು–ಬೆಂಗಳೂರು–ಚೆನ್ನೈ ಮಾರ್ಗದ್ದು, ಸುಮಾರು 435 ಕಿ.ಮೀ. ಇದರಲ್ಲಿ ಬೆಂಗಳೂರು–ಚೆನ್ನೈ ತುಂಡಿಗೆ ನನ್ನ ತಕರಾರಿಲ್ಲ: ಎರಡೂ ತುದಿಗೆ ಕೋಟಿ ಜನ, ನಡುವೆ ವಿಮಾನ, ಬಸ್ಸು, ಕಾರುಗಳ ಜಾತ್ರೆ. ಮೈಸೂರಿನ ತುಂಡು ಮಾತ್ರ ಮರ್ಯಾದೆಗಾಗಿ ಸೇರಿಸಿದಂತಿದೆ. 2023ರ ಮಾರ್ಚಿನಲ್ಲಿ ತೆರೆದ ದಶಪಥ ಹೆದ್ದಾರಿ ಈಗಾಗಲೇ ಸಮಯ ಉಳಿಸಿದೆ. ಅಲ್ಲಿ ಹಳೆಯ ಹಳಿಯನ್ನು ಜೋಡಿ ಮಾಡಲೆಂದೇ 2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪುವಿನ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಸರಿಸಿದರು, ಒಂದು ಇಟ್ಟಿಗೆ ಬಿಚ್ಚದೆ. ಹಳೆಯ ಹಳಿಯ ತೊಡಕು ಬಿಡಿಸುವ ಇಂಥ ಕಸುಬಿಗೆ ಬುಲೆಟ್ ರೈಲಿನ ಪ್ರಚಾರ ಸಿಗುವುದಿಲ್ಲ.

ವಂದೇ ಭಾರತ್ ನಮಗೆ ಸಿಕ್ಕಿದ ನಡುದಾರಿ. ಮೈಸೂರು–ಚೆನ್ನೈ 2022ರಲ್ಲಿ, ಬೆಂಗಳೂರು–ಧಾರವಾಡ 2023ರಲ್ಲಿ, ಬೆಂಗಳೂರು–ಬೆಳಗಾವಿ 2025ರಲ್ಲಿ ಬಂದವು. ರೈಲು 180 ಕಿ.ಮೀ. ವೇಗಕ್ಕೆ ಕಟ್ಟಿದ್ದು, ಬೆಳಗಾವಿಯ 611 ಕಿ.ಮೀ.ಗೆ ಎಂಟೂವರೆ ಗಂಟೆ ಹಿಡಿಯುತ್ತದೆ. ಭಾಗಿಸಿ ನೋಡಿ, ಗಂಟೆಗೆ 72 ಕಿ.ಮೀ. ಹಳಿಯ ತಿರುವು, ಹಳೆಯ ಸಿಗ್ನಲ್ ಸರಿಯಾಗದೆ ಡಬ್ಬಿಯ ಬಣ್ಣ ಬದಲಿಸಿದರೆ ಇಷ್ಟೇ ಸಿಗುವುದು.

ಇನ್ನು ನಮ್ಮ ಮಾರ್ಗ. ಮೈಸೂರಿನಿಂದ ಬಾಗಲಕೋಟೆಗೆ ಬರುವ ಬಸವ ಎಕ್ಸ್‌ಪ್ರೆಸ್ ಇವತ್ತಿಗೂ ಗುಂತಕಲ್, ರಾಯಚೂರು, ಕಲಬುರಗಿ, ಸೊಲ್ಲಾಪುರ, ವಿಜಯಪುರ ಸುತ್ತಿ ಬರುತ್ತದೆ. ಬಾಗಲಕೋಟೆಯಿಂದ ಪಶ್ಚಿಮಕ್ಕೆ ಕುಡಚಿಯವರೆಗೆ ಹಳಿ ಮುಗಿಯದ್ದರಿಂದ ಮೀರಜ್, ಪುಣೆಯ ದಾರಿ ಇನ್ನೂ ದೂರ. ಸುಗ್ಗಿಯಲ್ಲಿ ಮುಧೋಳ–ಜಮಖಂಡಿ ರಸ್ತೆ ನೋಡಿದವರಿಗೆ ಗೊತ್ತು: ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ತೆವಳುತ್ತದೆ, ಬಸ್ಸಿನ ಹಿಂದೆ ಆಂಬುಲೆನ್ಸ್. ಕಬ್ಬು ಹೊಲದಿಂದ ಕಾರ್ಖಾನೆಗೆ ರೈಲಿನಲ್ಲಿ ಹೋಗದು, ಒಪ್ಪಿದೆ. ಆದರೆ ತಿಮ್ಮಾಪುರದ ರನ್ನ ಕಾರ್ಖಾನೆಯಂಥವು ಅರೆದ ಸಕ್ಕರೆ, ಲೋಕಾಪುರ ಭಾಗದ ಸಿಮೆಂಟು, ಮಹಾಲಿಂಗಪುರದ ಬೆಲ್ಲ, ರಬಕವಿ-ಬನಹಟ್ಟಿಯ ಸೀರೆ ಹೊರಜಗತ್ತಿಗೆ ಹೋಗುವ ದಾರಿ ಬಹುಪಾಲು ಲಾರಿಯದೇ. ಭಾರತೀಯ ರೈಲ್ವೆ ಗಳಿಸುವುದೇ ಸರಕಿನಿಂದ, ಪ್ರಯಾಣಿಕರಿಂದಲ್ಲ. ಆ ಲೆಕ್ಕದಲ್ಲಿ ಈ ಮಾರ್ಗ ದಾನಧರ್ಮವೇನಲ್ಲ.

ಇಲ್ಲೊಂದು ಮಾತು ಬಿಚ್ಚಿ ಹೇಳಬೇಕು. ಬುಲೆಟ್ ರೈಲು ನಿಲ್ಲಿಸಿದರೆ ಆ ದುಡ್ಡು ಮುಧೋಳಕ್ಕೆ ಬರುತ್ತದೆ ಎಂಬ ವಾದ ಪೊಳ್ಳು. ಜಪಾನಿನ ಸಾಲ ಆ ಮಾರ್ಗಕ್ಕೇ ಕಟ್ಟಿದ್ದು. ಇತ್ತ ಬಾಗಲಕೋಟೆ–ಕುಡಚಿಯನ್ನು ಕಟ್ಟಿಹಾಕಿದ್ದು ಬರೀ ದುಡ್ಡಿನ ಕೊರತೆಯಲ್ಲ, ಭೂಮಿ. ಅರ್ಧ ವೆಚ್ಚ, ಪೂರ್ತಿ ಭೂಮಿ ರಾಜ್ಯದ್ದು ಎಂಬ ಒಪ್ಪಂದದಲ್ಲಿ ದಿಲ್ಲಿ ಬೆಂಗಳೂರಿನತ್ತ ಬೆರಳು ತೋರಿಸುತ್ತದೆ, ಬೆಂಗಳೂರು ದಿಲ್ಲಿಯತ್ತ. ಬೀದರ್–ಕಲಬುರಗಿಯ 110 ಕಿ.ಮೀ. 1997-98ರಲ್ಲಿ ಮಂಜೂರಾಗಿ 2017ರಲ್ಲಿ ಉದ್ಘಾಟನೆಯಾಯಿತು. ತಡವಾದಷ್ಟು ದಿನ ವೆಚ್ಚ ಏರುತ್ತದೆ, ಏರಿದ ವೆಚ್ಚವೇ ಮುಂದಿನ ತಡಕ್ಕೆ ನೆಪವಾಗುತ್ತದೆ.

ಬೆಂಗಳೂರು–ಚೆನ್ನೈ ನಡುವೆ ಬುಲೆಟ್ ರೈಲು ಬರಲಿ, ಪ್ರಯಾಣಿಕರ ಅಂದಾಜನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿದ ಮೇಲೂ ಗಿಟ್ಟುವುದಾದರೆ. ಉಳಿದ ಕಡೆ ಇರುವ ಹಳಿಯನ್ನು ಗಂಟೆಗೆ 130 ಕಿ.ಮೀ. ವೇಗಕ್ಕೆ ಏರಿಸುವುದೇ ಜಾಣತನ. ನಮ್ಮ ಮಾರ್ಗದ ತಾಲ್ಲೂಕುಗಳ ಮತದಾರರು ಮುಂದಿನ ಸಭೆಯಲ್ಲಿ ಶಾಸಕರನ್ನೂ ಸಂಸದರನ್ನೂ ಒಂದೇ ವೇದಿಕೆಗೆ ಕರೆದು ಕೇಳಲಿ: ಕುಡಚಿಯವರೆಗೆ ರೈಲ್ವೆಗೆ ಒಪ್ಪಿಸಬೇಕಾದ ಭೂಮಿ ಇನ್ನೆಷ್ಟು ಎಕರೆ, ಯಾವ ತಾರೀಖಿಗೆ?